ತಡವಾಗಿ ಬಂದ ಜನರಲ್

ಕಳೆದ ಸಂಚಿಕೆಯಲ್ಲಿ ಫಾಕ್‌ಲ್ಯಾಂಡ್ಸ್ ಯುದ್ಧದ (ದಕ್ಷಿಣ ಅಟ್ಲಾಂಟಿಕ್‌ನ ದ್ವೀಪಗಳಿಗಾಗಿ 1982ರಲ್ಲಿ ಬ್ರಿಟನ್, ಅರ್ಜೆಂಟೀನಾ ಕಾದಾಡಿದ್ದು) ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಪಡೆಯನ್ನು ದಡಕ್ಕಿಳಿಸಿದ್ದು ಬ್ರಿಗೇಡಿಯರ್ ಜೂಲಿಯನ್ ಥಾಂಪ್ಸನ್. ಮೇಜರ್ ಜನರಲ್ ಜೆರೆಮಿ ಮೂರ್ ಬಂದದ್ದು ಆಮೇಲೆ. ಹೆಸರು ಮಾತ್ರ ಮೂರ್‌ಗೆ ಯಾಕೆ? ನೌಕಾಪಡೆಯವರ ಕೈಗೆ ಭೂಸೇನೆಯನ್ನು ಕೊಟ್ಟದ್ದಾದರೂ ಹೇಗೆ?’

ಮೊದಲು ಎರಡನೇ ಪ್ರಶ್ನೆ. ರಾಯಲ್ ಮರೀನ್ಸ್ ನೌಕಾಪಡೆಗೆ ಸೇರಿದವರು ನಿಜ, ಆದರೆ ಅವರ ಕಸುಬು ನೆಲದ ಮೇಲೆ ಕಾದಾಡುವುದೇ. ಥಾಂಪ್ಸನ್ನರೂ ಮರೀನ್, ಅವರ ಕೈಯಲ್ಲಿದ್ದದ್ದು ಮರೀನ್ಸ್‌ನ ಬ್ರಿಗೇಡ್. ಬೆನ್ನಿಗೇ ಭೂಸೇನೆಯ 5ನೇ ಬ್ರಿಗೇಡ್ ಬಂದಾಗ ಎರಡಕ್ಕೂ ಮೇಲೊಬ್ಬರು ಬೇಕಾದರು. ಮೂರ್ ಆಗ ಕಮಾಂಡೊ ಪಡೆಗಳ, ಅಂದರೆ ಮರೀನ್ಸ್‌ನ ಕಾದಾಡುವ ತುಕಡಿಗಳ, ಮೇಜರ್ ಜನರಲ್.

ತಡವಾಯಿತು ಅಂದಿರಲ್ಲ, ಅದು ಸರಿ. 1982ರ ಮೇ 21ಕ್ಕೆ ಸಾನ್ ಕಾರ್ಲೋಸ್‌ನಲ್ಲಿ ಪಡೆ ಇಳಿಯಿತು. ಮೂರ್ ತಲುಪಿದ್ದು ಮೇ 30ಕ್ಕೆ, ಗೂಸ್ ಗ್ರೀನ್ ಕದನ ಮುಗಿದ ಮೇಲೆ. ಅವರು ಬರುತ್ತಿದ್ದ ಕ್ವೀನ್ ಎಲಿಜಬೆತ್ 2 ಹಡಗಿನಲ್ಲಿ ಉಪಗ್ರಹ ಸಂಪರ್ಕ ಕೈಕೊಟ್ಟಿತ್ತು. ಲಂಡನ್ನಿನವರ ಅವಸರವೆಲ್ಲ ಬಿದ್ದದ್ದು ಥಾಂಪ್ಸನ್ ತಲೆ ಮೇಲೆ. ದಡಕ್ಕಿಳಿಸಿದ ಕೀರ್ತಿ ಅವರದೇ, ಎರಡು ಮಾತಿಲ್ಲ.

ಆದರೆ ಮೂರ್ ಸುಮ್ನೆ ಕುರ್ಚಿ ಹತ್ತಿದವರಲ್ಲ. ಮಲಯಾದ ಕಾಡಿನಲ್ಲಿ ಕಾದಾಡಿ ಮಿಲಿಟರಿ ಕ್ರಾಸ್ ಎಂಬ ಶೌರ್ಯ ಪದಕ ಪಡೆದಿದ್ದರು. ಎರಡನೆಯದು ಬಂದದ್ದು 1962ರಲ್ಲಿ, ಬೋರ್ನಿಯೊದ ಲಿಂಬಾಂಗ್‌ನಲ್ಲಿ. ಬ್ರೂನೈ ದಂಗೆಕೋರರು ಅಲ್ಲಿನ ಬ್ರಿಟಿಷ್ ಅಧಿಕಾರಿ, ಅವರ ಪತ್ನಿ ಮತ್ತಿತರರನ್ನು ಒತ್ತೆಯಿಟ್ಟುಕೊಂಡಿದ್ದರು. ಕ್ಯಾಪ್ಟನ್ ಮೂರ್ ‘42 ಕಮಾಂಡೊ’ ಎಂಬ ಮರೀನ್ ತುಕಡಿಯ ಒಂದು ಕಂಪನಿಯನ್ನು ಸರಕು ಸಾಗಿಸುವ ದೋಣಿಗಳಿಗೆ ಹತ್ತಿಸಿದರು. ರಾತ್ರಿ ನದಿಯಲ್ಲಿ ಮೇಲಕ್ಕೆ ಹೋಗಿ, ಡಿಸೆಂಬರ್ 12ರ ಬೆಳಗಿನ ಜಾವ ಊರ ಮುಂದೆಯೇ ದಡ ಹಿಡಿದರು. ಮರೆಯಿಲ್ಲ, ಎದುರಿಗೆ ಗುಂಡಿನ ಮಳೆ. ಐವರು ಮರೀನ್‌ಗಳು ಸತ್ತರು, ಒತ್ತೆಯಾಳುಗಳು ಬದುಕಿ ಬಂದರು. ಆ ದೋಣಿಗಳ ಉಸ್ತುವಾರಿ ಹೊತ್ತಿದ್ದ ಜೆರೆಮಿ ಬ್ಲ್ಯಾಕ್ ಇಪ್ಪತ್ತು ವರ್ಷದ ಮೇಲೆ ಫಾಕ್‌ಲ್ಯಾಂಡ್ಸ್‌ಗೆ ಬಂದರು, ಇನ್‌ವಿನ್ಸಿಬಲ್ ಯುದ್ಧನೌಕೆಯ ಕ್ಯಾಪ್ಟನ್ ಆಗಿ! (ನಡುವೆ ಮೂರ್ ಮರೀನ್ಸ್‌ನ ಸಂಗೀತ ಶಾಲೆಗೂ ಮುಖ್ಯಸ್ಥರಾಗಿದ್ದರು ಅಂದರೆ ನಂಬ್ತೀರಾ?)

ಮೂರ್ ಹೆಸರು ಉಳಿದದ್ದು ಜೂನ್ 14ರ ರಾತ್ರಿಯಿಂದ. ಶರಣಾಗತಿ ಪತ್ರದಲ್ಲಿದ್ದ ‘ಬೇಷರತ್ತಾಗಿ’ ಎಂಬ ಪದಕ್ಕೆ ಅರ್ಜೆಂಟೀನಾದ ಜನರಲ್ ಮೆನೆಂಡೆಜ್ ಒಪ್ಪಲಿಲ್ಲ. ಆ ಪದ ತೆಗೆಯಲು ಮೂರ್ ಒಪ್ಪಿದರು. ಚಳಿಗಾಲ ತಲೆ ಮೇಲಿತ್ತು. ದ್ವೀಪಗಳ ರಾಜಧಾನಿ ಸ್ಟಾನ್ಲಿಯ ಮನೆಗಳಲ್ಲಿ ಜನ ಇದ್ದರು. ಒಂದು ಪದಕ್ಕೆ ಪಟ್ಟು ಹಿಡಿದಿದ್ದರೆ ಬೀದಿ ಬೀದಿಯಲ್ಲಿ ಹೆಣ ಬೀಳುತ್ತಿದ್ದವು. 11,000ಕ್ಕೂ ಹೆಚ್ಚು ಸೈನಿಕರು ಆಯುಧ ಕೆಳಗಿಟ್ಟರು. ನನ್ನ ಪ್ರಕಾರ ಇದು ಅವರ ಅತಿ ದೊಡ್ಡ ಕೆಲಸ.

ಹಾಗಂತ ತಪ್ಪೇ ಇಲ್ಲ ಅನ್ನಲಾರೆ. ಜೂನ್ 8ರಂದು ಫಿಟ್ಜ್‌ರಾಯ್ ಬಳಿ ಸೈನಿಕರು ಇಳಿಯುವ ಮೊದಲೇ ಸರ್ ಗಲಹ್ಯಾಡ್ ಹಡಗಿಗೆ ಬಾಂಬ್ ಬಿತ್ತು. ಐವತ್ತರ ಹತ್ತಿರ ಜನ ಸತ್ತರು. ಎರಡು ಬ್ರಿಗೇಡ್‌ಗಳ ನಡುವಿನ ಗೊಂದಲ, ಹೆಲಿಕಾಪ್ಟರ್ ಕೊರತೆ ಎಲ್ಲ ಇತ್ತು. ಆದರೂ ಮೇಲಿದ್ದವರು ಮೂರ್. ಗೆಲುವಿನ ಹೆಸರು ಅವರಿಗೆ ಬಂದಂತೆ ಇದೂ ಅವರ ಲೆಕ್ಕಕ್ಕೇ ಬರಬೇಕು, ಅಲ್ವಾ?

– ಸಂ.