28 ಕಾಟೇಜಿನ ರೆಸಾರ್ಟಿಗೆ ಸಂಜೆಯ ಟರ್ನ್‌ಡೌನ್ ಸರ್ವಿಸ್ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಚಿಕ್ಕಮಗಳೂರಿನ ಹತ್ತಿರ ಕಾಫಿ ತೋಟದ ನಡುವೆ 28 ಕಾಟೇಜ್, ದಿನದ ಬಾಡಿಗೆ 8,500 ರೂಪಾಯಿ. ಸಂಜೆ ಟರ್ನ್‌ಡೌನ್ (ಗೆಸ್ಟ್ ಮಲಗುವ ಮೊದಲು ರೂಮಿಗೆ ಇನ್ನೊಮ್ಮೆ ಹೋಗಿ ಹಾಸಿಗೆ ಸರಿಮಾಡಿ ಬರುವ ಸರ್ವಿಸ್) ಶುರು ಮಾಡಿ, ಗೆಸ್ಟ್‌ಗಳು ಖುಷಿಯಾಗುತ್ತಾರೆ ಎಂದು ಕನ್ಸಲ್ಟೆಂಟ್ ಹೇಳಿದ್ದಾರೆ. ನಿಮ್ಮಲ್ಲಿ ಜನ ಕಮ್ಮಿ, ಖರ್ಚಿನ ಚಿಂತೆ ಬೇರೆ. ಮಾಡಬೇಕಾ, ಬೇಡವಾ?

ಮಾಡಿ, ಆದರೆ ದೊಡ್ಡ ಹೋಟೆಲಿನ ನಕಲು ಬೇಡ. ಡುವೆಯ (ಹೊದೆಯುವ ದಪ್ಪ ರಜಾಯಿಯ) ಮೂಲೆ ಮಡಿಸಿ ದಿಂಬಿನ ಮೇಲೆ ಚಾಕೊಲೇಟ್ ಇಟ್ಟು ಬರಲಿಕ್ಕೇ ಜನ ಕಳಿಸುವುದಾದರೆ ಅದು ದಂಡದ ಖರ್ಚು. ಆ ನೆಪದಲ್ಲಿ ಕತ್ತಲಾಗುವ ಮೊದಲು ಇನ್ನೊಂದು ಸಲ ರೂಮಿನೊಳಗೆ ಹೋಗಲು ಸಿಗುತ್ತದಲ್ಲ, ಬೆಲೆ ಇರುವುದು ಅದಕ್ಕೆ. ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ರಿಸೆಪ್ಷನ್‌ಗೆ ಬರುವ ಫೋನುಗಳನ್ನು ನೆನಪಿಸಿಕೊಳ್ಳಿ: ಕುಡಿಯುವ ನೀರಿಲ್ಲ, ಟವೆಲ್ ಒದ್ದೆ, ಸೊಳ್ಳೆ, ಬೆಡ್‌ಲ್ಯಾಂಪ್ ಹತ್ತುತ್ತಿಲ್ಲ, ಫ್ಲಷ್ ನಿಲ್ಲದೆ ಹರಿಯುತ್ತಿದೆ. ಇದರಲ್ಲಿ ಮುಕ್ಕಾಲು ಪಾಲು ಸಂಜೆ ಆರೂವರೆಗೇ ಕಣ್ಣಿಗೆ ಬೀಳುವಂಥದ್ದು. ಆ ಹೊತ್ತಿಗೆ ಪ್ಲಂಬರ್, ಎಲೆಕ್ಟ್ರಿಷಿಯನ್ ಇನ್ನೂ ಕ್ಯಾಂಪಸ್ಸಿನಲ್ಲೇ ಇರುತ್ತಾರೆ. ಹತ್ತು ಗಂಟೆಗೆ ಇರುವುದು ವಾಚ್‌ಮ್ಯಾನ್ ಒಬ್ಬನೇ.

ಮೊದಲು ಲೆಕ್ಕ. 28ರಲ್ಲಿ ಶೇ. 70 ತುಂಬಿದೆ ಎಂದರೆ ಸುಮಾರು 20 ರೂಮು. ಡಿಎನ್‌ಡಿ ('ತೊಂದರೆ ಕೊಡಬೇಡಿ') ಬೋರ್ಡ್ ಹಾಕಿದವರು, ಬೇಡ ಎಂದವರು, ಒಳಗೇ ಇರುವವರು ಆರು ಎಂದಿಟ್ಟುಕೊಂಡರೆ ಉಳಿಯುವುದು 14. ಒಬ್ಬನೇ ಮಾಡಿದರೆ ರೂಮಿಗೆ ಹತ್ತು ನಿಮಿಷ, ಕಾಟೇಜಿನಿಂದ ಕಾಟೇಜಿಗೆ ನಡೆಯಲು ನಾಲ್ಕು ನಿಮಿಷ, ಒಟ್ಟು ಮೂರು ಗಂಟೆ ದಾಟುತ್ತದೆ. ನಿಮಗೆ ಸಿಗುವುದು ಆರರಿಂದ ಎಂಟೂವರೆವರೆಗೆ, ಎರಡೂವರೆ ಗಂಟೆ. ಇಬ್ಬರು ಜೋಡಿಯಾಗಿ ಹೋದರೆ ರೂಮಿಗೆ ಆರು ನಿಮಿಷ ಸಾಕು, ನಡಿಗೆ ಸೇರಿ ಹತ್ತು, ಒಟ್ಟು ಎರಡು ಗಂಟೆ ಇಪ್ಪತ್ತು ನಿಮಿಷ. ಹಾಗಾಗಿ ಜೋಡಿಯೇ ಸರಿ. ಒಬ್ಬರು ಬಾತ್‌ರೂಮ್, ಇನ್ನೊಬ್ಬರು ಹಾಸಿಗೆ ಮತ್ತು ಕಿಟಕಿ. ಒಬ್ಬರಾದರೂ ಹೆಂಗಸರಿರಲಿ. ಇನ್ನೊಂದು ಅನುಕೂಲ, ಗೆಸ್ಟ್ ಏನೋ ಕಾಣೆಯಾಗಿದೆ ಎಂದು ಹೇಳಿದಾಗ ಒಳಗೆ ಇಬ್ಬರಿದ್ದರು ಎನ್ನುವುದೇ ನಿಮ್ಮ ಹುಡುಗರನ್ನು ಕಾಯುತ್ತದೆ.

ತಲಾ ದಿನಕ್ಕೆ 700 ರೂಪಾಯಿ ಸಂಬಳ ಬೀಳುತ್ತದೆ, ಅರ್ಧ ಶಿಫ್ಟು ಈ ಕೆಲಸಕ್ಕೆ ಎಂದು ಹಿಡಿದರೆ ಇಬ್ಬರದು 700, ರೂಮಿಗೆ 50. ಎರಡು ಸಿಹಿ ತುಣುಕಿಗೆ 24, ಬದಲಿಸಿದ ಎರಡು ಟವೆಲ್ ಒಗೆಯಲು 24. ಒಟ್ಟು ನೂರು ರೂಪಾಯಿ ಎನ್ನಿ. 8,500ರ ರೂಮಿಗೆ ಇದು ಶೇ. 1ಕ್ಕಿಂತ ಸ್ವಲ್ಪ ಹೆಚ್ಚು. ಇದೇ ನೂರು 2,200 ರೂಪಾಯಿಯ ಲಾಡ್ಜಿಗೆ ಶೇ. 4.5. ಅಂಥ ಕಡೆ ನಾನು ಬೇಡ ಎಂದೇ ಹೇಳುತ್ತೇನೆ, ಎರಡು ಬಾಟಲ್ ನೀರು ಹೆಚ್ಚಿಗೆ ಇಟ್ಟರೆ ಸಾಕು. ಬೆಂಗಳೂರಿನ ಬಿಸಿನೆಸ್ ಹೋಟೆಲಿಗೂ ಎಲ್ಲ ರೂಮಿಗೆ ಬೇಕಿಲ್ಲ. ಅಲ್ಲಿ ಗೆಸ್ಟ್ ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಏಳಕ್ಕೆ ಹೋಗುತ್ತಾನೆ. 2020ರ ನಂತರ ಎಷ್ಟೋ ಹೋಟೆಲುಗಳು ಇದನ್ನು ಕೇಳಿದವರಿಗೆ ಮಾತ್ರ ಎಂದು ಇಳಿಸಿಕೊಂಡವು. ನಿಮ್ಮ ಲೆಕ್ಕದಲ್ಲಿ ಮರೆಯುವ ಒಂದು ಖರ್ಚು ಇದೆ: ಕೆಲಸ ಮುಗಿಯುವ ಹೊತ್ತಿಗೆ ತೋಟದ ಕಡೆಗೆ ಬಸ್ಸಿರುವುದಿಲ್ಲ. ಮನೆ ತನಕ ಜೀಪು ಬಿಡುವ ಖರ್ಚನ್ನೂ ಸೇರಿಸಿಕೊಳ್ಳಿ, ಇಲ್ಲದಿದ್ದರೆ ತಿಂಗಳೊಳಗೆ ಸಂಜೆ ಶಿಫ್ಟಿಗೆ ಯಾರೂ ಸಿಗುವುದಿಲ್ಲ.

ಯಾವ ರೂಮಿಗೆ ಹೋಗಬೇಕು ಎನ್ನುವುದನ್ನು ಬಾಗಿಲು ತಟ್ಟಿ ಕಂಡುಹಿಡಿಯಬಾರದು. ನಮ್ಮ ಗೆಸ್ಟ್‌ಗಳಿಗೆ, ಅದರಲ್ಲೂ ಮಕ್ಕಳನ್ನು ಮಲಗಿಸುತ್ತಿರುವ ತಾಯಿಗೂ ಹೊಸದಾಗಿ ಮದುವೆಯಾದವರಿಗೂ, ಏಳು ಗಂಟೆಗೆ 'ಹೌಸ್‌ಕೀಪಿಂಗ್' ಎಂದು ಕೂಗಿದರೆ ಅದು ಸರ್ವಿಸ್ ಅಲ್ಲ, ಕಾಟ. ಚೆಕ್‌ಇನ್ ಹೊತ್ತಿಗೇ ಕೇಳಿಬಿಡಿ: 'ಸಂಜೆ ನೀವು ಊಟಕ್ಕೆ ಹೋದಾಗ ರೂಮು ಒಂದ್ಸಲ ಸರಿಮಾಡಿ, ನೀರು ಇಟ್ಟು ಬರೋದಾ?' ಟರ್ನ್‌ಡೌನ್ ಎಂಬ ಮಾತನ್ನು ಎತ್ತಬೇಡಿ, ಹೆಚ್ಚಿನವರಿಗೆ ಅದು ಏನೆಂದೇ ಗೊತ್ತಿರುವುದಿಲ್ಲ, ಏನೋ ಎಕ್ಸ್‌ಟ್ರಾ ಚಾರ್ಜ್ ಎಂದುಕೊಂಡು ಬೇಡ ಅನ್ನುತ್ತಾರೆ. ಹೌದು ಅಥವಾ ಬೇಡ, ಊಟದ ಸಮಯ, ಎರಡನ್ನೂ ರಿಜಿಸ್ಟ್ರೇಷನ್ ಕಾರ್ಡಿನ ಮೇಲೆ ಬರೆದುಕೊಂಡು ಐದು ಗಂಟೆಗೆ ಪಟ್ಟಿ ಹೌಸ್‌ಕೀಪಿಂಗ್‌ಗೆ ಹೋಗಲಿ. ಆರರ ನಂತರ ಬರುವ ಗೆಸ್ಟ್‌ಗಳ ರೂಮನ್ನು ಅವರು ಬರುವ ಮೊದಲೇ ಮುಗಿಸಿಡಿ. ಖಾಲಿ ರೂಮು, ಎರಡು ಮೂರು ನಿಮಿಷದ ಕೆಲಸ.

ಒಳಗೆ ಹೋದ ಮೇಲೆ ಮೊದಲ ಕೆಲಸ ಕಿಟಕಿ ಮತ್ತು ಬಾಲ್ಕನಿ ಬಾಗಿಲು, ಆಮೇಲೆ ದೀಪ. ಈ ಕ್ರಮ ತಪ್ಪಬಾರದು. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದ ಸಂಜೆ ಕಿಟಕಿ ತೆರೆದಿಟ್ಟು ದೀಪ ಹಾಕಿದರೆ ಐದೇ ನಿಮಿಷದಲ್ಲಿ ಮಳೆಹುಳ ನುಗ್ಗಿ, ಬಿಳಿ ಬೆಡ್‌ಶೀಟಿನ ತುಂಬ ರೆಕ್ಕೆ ಉದುರಿಸುತ್ತವೆ. ಗುಡಿಸಿದಷ್ಟೂ ಹಾರುವ ರೆಕ್ಕೆ. ಅಂಥ ದಿನಗಳಲ್ಲಿ ಬಾಲ್ಕನಿಯ ದೀಪ ಹಾಕಲೇ ಬೇಡಿ, ಒಳಗೂ ಒಂದು ಬೆಡ್‌ಲ್ಯಾಂಪ್ ಸಾಕು, ಅದೂ ಪರದೆ ಪೂರ್ತಿ ಎಳೆದ ಮೇಲೆ.

ಆಮೇಲೆ ಸೊಳ್ಳೆ ಲಿಕ್ವಿಡ್ ಮಿಷನ್. ಇಲ್ಲೇ ಹೆಚ್ಚಿನ ರೆಸಾರ್ಟುಗಳು ಎಡವುವುದು. ರೂಮಿಗೆ ಕೀಕಾರ್ಡ್ ಸ್ವಿಚ್ (ಕಾರ್ಡ್ ಸಿಕ್ಕಿಸಿದರೆ ಮಾತ್ರ ಕರೆಂಟು ಬರುವಂಥದ್ದು) ಇದ್ದರೆ ಹುಡುಗ ತನ್ನ ಕಾರ್ಡ್ ಹಾಕಿ, ಮಿಷನ್ ಆನ್ ಮಾಡಿ, ಬೆಡ್‌ಲ್ಯಾಂಪ್ ಹಚ್ಚಿ, ಎಲ್ಲ ಚೆಂದ ಮಾಡಿ, ಹೊರಡುವಾಗ ಕಾರ್ಡ್ ಎಳೆದುಕೊಳ್ಳುತ್ತಾನೆ. ಎಲ್ಲವೂ ಆಫ್. ಗೆಸ್ಟ್ ಊಟ ಮುಗಿಸಿ ಬಂದಾಗ ಕತ್ತಲೆ, ಮೇಲೆ ಸೊಳ್ಳೆ. ಫ್ರಿಜ್ಜಿಗೆ ಹೇಗೆ ಕಾರ್ಡನ್ನು ಬಿಟ್ಟು ನೇರ ಲೈನ್ ಇರುತ್ತದೋ ಹಾಗೆಯೇ ಹಾಸಿಗೆ ಪಕ್ಕದ ಒಂದು ಪ್ಲಗ್ಗು, ಒಂದು ಸಣ್ಣ ಎಲ್‌ಇಡಿ ದೀಪಕ್ಕೆ ಲೈನ್ ಎಳೆಸಿ. ಟರ್ನ್‌ಡೌನ್ ಶುರು ಮಾಡುವ ಮೊದಲು ಮಾಡಬೇಕಾದ ಕೆಲಸ ಇದು. ಇದಿಲ್ಲದೆ ಶುರು ಮಾಡಿದರೆ ಅರ್ಧ ಶ್ರಮ ನೀರಿಗೆ ಹಾಕಿದಂತೆ.

ಹಾಸಿಗೆಗೆ ಬರೋಣ. ಗೆಸ್ಟಿನ ಬಟ್ಟೆ, ಲ್ಯಾಪ್‌ಟಾಪ್, ತೆರೆದ ಸೂಟ್‌ಕೇಸ್ ಹಾಸಿಗೆಯ ಮೇಲಿದ್ದರೆ ಮುಟ್ಟದೆ ಬಿಟ್ಟು, 'ನಿಮ್ಮ ಸಾಮಾನು ಇದ್ದುದರಿಂದ ಹಾಸಿಗೆ ಸರಿಮಾಡಲಿಲ್ಲ, ಬೇಕಾದರೆ ಫೋನ್ ಮಾಡಿ' ಎಂಬ ಚೀಟಿ ಇಟ್ಟು ಉಳಿದ ಕೆಲಸ ಮುಗಿಸಬೇಕು. ಖಾಲಿ ಇದ್ದರೆ ಕುಶನ್ ಮತ್ತು ಬೆಡ್ ರನ್ನರ್ (ಹಾಸಿಗೆಯ ಕಾಲಬದಿಗೆ ಅಡ್ಡ ಹಾಸಿದ ಅಲಂಕಾರದ ಪಟ್ಟಿ) ತೆಗೆದು ಮಡಿಸಿ ವಾರ್ಡ್‌ರೋಬಿನ ಕೆಳತಟ್ಟಿಗೆ. ನೆಲದ ಮೇಲೆ ಇಡುವುದನ್ನು ಗೆಸ್ಟ್ ಒಮ್ಮೆ ನೋಡಿದರೆ ಮುಗಿಯಿತು. ಡುವೆಯ ಮೇಲಿನ ಮೂಲೆಯನ್ನು ಹಿಡಿದು ಮಧ್ಯದ ಕಡೆಗೆ ತಂದರೆ ಒಂದೂವರೆ ಅಡಿಯಷ್ಟು ತ್ರಿಕೋನ ಬರುತ್ತದೆ, ಅಂಗೈಯಿಂದ ಒಮ್ಮೆ ಸವರಿದರೆ ಸಾಕು. ಒಬ್ಬರೇ ಇದ್ದರೆ ಹಿಂದಿನ ರಾತ್ರಿ ಮಲಗಿದ ಬದಿ. ದಿಂಬಿನ ತಗ್ಗು, ಪಕ್ಕದ ಕನ್ನಡಕದ ಪೆಟ್ಟಿಗೆ ನೋಡಿದರೆ ಗೊತ್ತಾಗುತ್ತದೆ. ಇಬ್ಬರಿದ್ದರೆ ಎರಡೂ ಬದಿ. ಕಾಲಿನ ಕಡೆ ಡುವೆಯನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದ್ದರೆ ಸಡಿಲಿಸಿ, ಉದ್ದ ಇರುವವರಿಗೆ ಕಾಲು ಕಟ್ಟಿಹಾಕಿದಂತಾಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಕೆಲಸ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಡುವೆಯ ಒಳಗೆ, ಹಾಸಿಗೆಯ ನಡುವಿಗೆ ಕೈಯ ಹಿಂಬದಿ ಇಟ್ಟು ನೋಡಿ. ಅಂಗೈಗಿಂತ ಹಿಂಬದಿಗೆ ತೇವ ಬೇಗ ತಿಳಿಯುತ್ತದೆ. ತಣ್ಣಗೆ ಅಂಟಿದರೆ ಬೆಡ್‌ಶೀಟ್ ಬದಲಿಸಲೇಬೇಕು, ಮೂಲೆ ಎಷ್ಟು ಚೆಂದ ಮಡಿಸಿದರೂ ಒದ್ದೆ ಹಾಸಿಗೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಬೆಳಿಗ್ಗೆಯ ಶಿಫ್ಟಿನವರು ಗಾಳಿಯಾಡಲಿ ಎಂದು ಕಿಟಕಿ ತೆರೆದು ಹೋದದ್ದೇ ಹೆಚ್ಚಿನ ಸಲ ಕಾರಣ, ಮಂಜು ನೇರ ಒಳಗೆ ಬರುತ್ತದೆ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇದ್ದರೆ ಅದರ ತೊಟ್ಟಿ ಖಾಲಿ ಮಾಡಿ, ತುಂಬಿದ ಕೂಡಲೇ ಅದು ತಾನಾಗಿ ನಿಲ್ಲುತ್ತದೆ. ಟ್ರೆಕ್ಕಿಂಗ್‌ನಿಂದ ಬಂದವರ ಒದ್ದೆ ಶೂಗೆ ಬಾಗಿಲ ಹತ್ತಿರ ನಾಲ್ಕು ಹಾಳೆ ಹಳೆಯ ಪೇಪರ್ ಇಟ್ಟು ಬನ್ನಿ.

ಬಾತ್‌ರೂಮಿನಲ್ಲಿ ಒದ್ದೆ ಟವೆಲ್ ಬದಲಿಸುವುದು, ನೆಲ ಒರೆಸುವುದು, ಕಸದ ಬುಟ್ಟಿ ಖಾಲಿ ಮಾಡುವುದು, ಫ್ಲಷ್ ಒತ್ತಿ ನೀರು ನಿಲ್ಲುತ್ತದೆಯೇ ನೋಡುವುದು. ಬ್ರಷ್, ರೇಜರ್, ಔಷಧಿ ಇದ್ದಲ್ಲೇ ಇರಲಿ. ಹೊರಗೆ ಊಟದ ತಟ್ಟೆ, ಕಪ್ಪು ತೆಗೆದು, ಸೀಲ್ ಇರುವ ಅರ್ಧ ಲೀಟರಿನ ಎರಡು ಬಾಟಲ್ ಅಥವಾ ಮುಚ್ಚಳಕ್ಕೆ ಕಾಗದದ ಪಟ್ಟಿ ಅಂಟಿಸಿದ ಗಾಜಿನ ಬಾಟಲ್. ಹಾಸಿಗೆ ಪಕ್ಕ ಟಾರ್ಚ್, ಹಚ್ಚಿ ನೋಡಿ ಇಡಬೇಕು. ಗುಡುಗು ಬಂದರೆ ಕರೆಂಟು ಹೋಗುವ ಊರು ನಿಮ್ಮದು, ಜನರೇಟರ್ ಹಿಡಿಯುವ ತನಕದ ಅರೆ ನಿಮಿಷವೂ ಹೊಸಬರಿಗೆ ದೊಡ್ಡದು.

ಚಾಕೊಲೇಟ್ ವಿಷಯ. ದಿಂಬಿನ ಮೇಲೆ ಬೇಡವೇ ಬೇಡ. ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಅಂದರೆ ಮೈಬಿಸಿ ಸಾಕು. ಕತ್ತಲಲ್ಲಿ ನೋಡದೆ ಮಲಗಿದವರ ಕೆನ್ನೆಗೂ ದಿಂಬಿನ ಕವರಿಗೂ ಅಂಟುತ್ತದೆ, ಆಮೇಲೆ ಇರುವೆ. ಕಲೆ ಬಂದ ಕವರನ್ನು ಲಾಂಡ್ರಿಯವರು ನೇರ ಬಿಸಿನೀರಿಗೆ ಹಾಕಿದರೆ ಹಾಲಿನ ಅಂಶ ಬೆಂದು ಬಟ್ಟೆಗೆ ಕೂರುತ್ತದೆ. ಚಮಚದಿಂದ ಕೆರೆದು, ಹಿಂಬದಿಯಿಂದ ತಣ್ಣೀರು ಬಿಟ್ಟು, ಎನ್‌ಜೈಮ್ ಇರುವ ಪುಡಿಯಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಒಗೆಯಬೇಕು. ಕೊಡುವುದಾದರೆ ರ್‍ಯಾಪರ್ ಇರುವುದನ್ನು, ಮೇಜಿನ ಮೇಲೆ ತಟ್ಟೆಯಲ್ಲಿ ಕೊಡಿ. ಕಡಲೆ ಚಿಕ್ಕಿಯೂ ಆದೀತು, ಆದರೆ ಕಡಲೆಬೀಜ ಆಗದವರಿದ್ದಾರಾ ಎಂದು ಚೆಕ್‌ಇನ್‌ನಲ್ಲೇ ಕೇಳಿರಬೇಕು. ಮಲಗುವ ಹೊತ್ತಿಗೆ ಕಾಫಿ ಚಾಕೊಲೇಟ್ ಇಡುವ ಎಸ್ಟೇಟ್ ರೆಸಾರ್ಟುಗಳಿವೆ. ಸುವಾಸನೆ ಚೆನ್ನಾಗಿದೆ, ನಿದ್ದೆಯ ಪಾಡು ಗೆಸ್ಟಿಗೇ ಬಿಟ್ಟದ್ದು.

ನನ್ನನ್ನು ಕೇಳಿದರೆ ಆ 24 ರೂಪಾಯಿ ಉಳಿಸಿ, ನವೆಂಬರಿನಿಂದ ಫೆಬ್ರವರಿ ತನಕ ಡುವೆಯ ಒಳಗೆ ಕಾಲಿನ ಕಡೆ ರಬ್ಬರಿನ ಬಿಸಿನೀರಿನ ಚೀಲ ಇಡಿ. ಕುದಿಯುವ ನೀರು ಹಾಕಬಾರದು. ಮೂರರಲ್ಲಿ ಎರಡು ಪಾಲು ತುಂಬಿ, ಅಡ್ಡ ಮಲಗಿಸಿ ಗಾಳಿ ಹೊರಡಿಸಿ, ಬಿರಡೆ ಬಿಗಿದು, ತಲೆಕೆಳಗು ಹಿಡಿದು ಸೋರುತ್ತದೆಯೇ ನೋಡಿ, ದಪ್ಪ ಬಟ್ಟೆಯ ಕವರ್ ಹಾಕಬೇಕು. ರಬ್ಬರ್ ಹಳತಾದಂತೆ ಬಿರಿಯುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಒಳಗೆ ಚೀಲ ಇದೆ ಎಂದು ದಿಂಬಿನ ಮೇಲೆ ಚೀಟಿ ಇರಲೇಬೇಕು, ಗೊತ್ತಿಲ್ಲದೆ ಕಾಲಿಗೆ ತಾಗಿದರೆ ಹಾವೋ ಏನೋ ಎಂದು ಹೌಹಾರುತ್ತಾರೆ. ಸಣ್ಣ ಮಕ್ಕಳಿರುವ ರೂಮಿಗೆ ಬೇಡ.

ಕೆಡುವುದು ಎಲ್ಲಿ ಅಂದರೆ ತಪ್ಪಿದ ದಿನ. ಎರಡು ರಾತ್ರಿ ಇರುವ ಗೆಸ್ಟಿಗೆ ಶನಿವಾರ ಮಾಡಿ, ಜನ ಇಲ್ಲವೆಂದು ಭಾನುವಾರ ಬಿಟ್ಟರೆ, ಮೊದಲ ದಿನ ಕೊಟ್ಟ ಖುಷಿಗಿಂತ ಎರಡನೇ ದಿನದ ಬೇಸರ ದೊಡ್ಡದಾಗುತ್ತದೆ. ವಾರಾಂತ್ಯ 28ಕ್ಕೆ 28 ತುಂಬಿದಾಗ ಹಾಸಿಗೆ ಮಡಿಸುವುದನ್ನು ಕೈಬಿಡಿ, ಸಿಹಿ ಬಿಡಿ, ಆದರೆ ಕಿಟಕಿ, ಸೊಳ್ಳೆ ಮಿಷನ್, ನೀರು, ಟವೆಲ್ ಈ ನಾಲ್ಕನ್ನು ಬಿಡಬೇಡಿ. ನಾಲ್ಕೂ ಸೇರಿ ಇಬ್ಬರಿಗೆ ಮೂರು ನಿಮಿಷ. ಗೆಸ್ಟ್ ಬಾಗಿಲಲ್ಲಿ ಎದುರಾದರೆ ನಿಂತು ಹಲ್ಲುಕಿರಿಯದೆ ಕೆಲಸ ಹೇಳಿ ಹೊರಡಲು ಹುಡುಗರಿಗೆ ಕಲಿಸಿ, ಟಿಪ್ಸ್‌ಗೆ ಕಾದಂತೆ ಕಂಡರೆ ಮರುದಿನ ಡಿಎನ್‌ಡಿ ಬೋರ್ಡ್ ಬೀಳುತ್ತದೆ. ಮಾಸ್ಟರ್ ಕೀ ಯಾವಾಗ ತೆಗೆದುಕೊಂಡರು, ಯಾವಾಗ ಕೊಟ್ಟರು ಎಂಬುದು ಸಹಿಯೊಂದಿಗೆ ಬುಕ್ಕಿನಲ್ಲಿ ಇರಬೇಕು.

ನಿರ್ಧಾರಕ್ಕೆ ಕನ್ಸಲ್ಟೆಂಟ್ ಮಾತೂ ಬೇಡ, ನನ್ನ ಮಾತೂ ಬೇಡ. ರಿಸೆಪ್ಷನ್‌ನ ಲಾಗ್‌ಬುಕ್ ತೆರೆದು ಕಳೆದ ಎರಡು ತಿಂಗಳಲ್ಲಿ ರಾತ್ರಿ ಎಂಟರ ನಂತರ ಬಂದ ಹೌಸ್‌ಕೀಪಿಂಗ್ ಫೋನುಗಳನ್ನು ಎಣಿಸಿ, ತುಂಬಿದ್ದ ರೂಮುಗಳಿಂದ ಭಾಗಿಸಿ. ಬರೆದಿಡುವ ಅಭ್ಯಾಸ ಇಲ್ಲದಿದ್ದರೆ ಇವತ್ತಿನಿಂದ ಎರಡು ವಾರ ಬರೆಸಿ, ಅದಾದ ಮೇಲೆ ಶುರು ಮಾಡಿ. ಎಂಟು ವಾರ ಬಿಟ್ಟು ಮತ್ತೆ ಎಣಿಸಿ. ಫೋನು ಅರ್ಧಕ್ಕೆ ಇಳಿಯದಿದ್ದರೆ ಇಬ್ಬರನ್ನು ವಾಪಸ್ ಬೆಳಿಗ್ಗೆಯ ಶಿಫ್ಟಿಗೆ ಹಾಕಿಕೊಳ್ಳಿ, ಚೆಕ್‌ಔಟ್ ರೂಮುಗಳಾದರೂ ಮಧ್ಯಾಹ್ನ ಎರಡು ಗಂಟೆಯೊಳಗೆ ರೆಡಿಯಾಗುತ್ತವೆ.