ಪ್ರತಿಕ್ರಿಯೆ: ಪ್ಯಾಲೆಸ್ಟೈನ್‌ನ 10 ಮಿಲ್ಸ್ ನಾಣ್ಯ ಅಸಲಿಯೇ?

ಬ್ರಿಟಿಷ್ ಆಡಳಿತದ ಪ್ಯಾಲೆಸ್ಟೈನ್‌ನ 10 ಮಿಲ್ಸ್ (ಒಂದು ಮಿಲ್ ಅಂದರೆ ಪ್ಯಾಲೆಸ್ಟೈನ್ ಪೌಂಡಿನ ಸಾವಿರದ ಒಂದು ಭಾಗ) ನಾಣ್ಯಗಳಲ್ಲಿ 1927ರದ್ದು ಬೆಳ್ಳಗಿದೆ, 1942ರದ್ದು ತಾಮ್ರದ ಬಣ್ಣಕ್ಕಿದೆ, ಹಾಗಾದರೆ ಎರಡನೆಯದು ನಕಲಿಯೇ ಅಂತ ಕೇಳಿದ್ದೀರಿ. ಬಣ್ಣ ನೋಡಿ ಹಾಗೆ ತೀರ್ಮಾನಿಸಬೇಡಿ. ಇದು ಸಾಮಾನ್ಯವಾಗಿ ತಾಮ್ರ-ನಿಕಲ್ ಮಿಶ್ರಲೋಹದ್ದು; ಯುದ್ಧಕ್ಕೆ ನಿಕಲ್ ಬೇಕಾಗಿದ್ದರಿಂದ 1942, 1943ರಲ್ಲಿ 10 ಮಿಲ್ಸ್ ಅನ್ನು ಕಂಚಿನಲ್ಲೂ ಟಂಕಿಸಿದರು. 1942ರಲ್ಲಿ ಎರಡೂ ಲೋಹದವು ಬಂದಿವೆ. ತೂಕ ಸುಮಾರು 6.47 ಗ್ರಾಂ, ವ್ಯಾಸ 27 ಮಿ.ಮೀ., ನಡುವೆ ತೂತು. ಮ್ಯಾಗ್ನೆಟ್‌ಗೆ ಅಂಟಿದರೆ ಮಾತ್ರ ಖಂಡಿತ ನಕಲಿ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಬೆಲೆ ಬಿದ್ದುಹೋಗುತ್ತದೆ.

ನಾಣ್ಯದ ಮೇಲೆ ಹೀಬ್ರೂವಿನಲ್ಲಿ ಬರೆದ 'ಪ್ಯಾಲೆಸ್ಟೈನ್' ಹೆಸರಿನ ಪಕ್ಕ ಕಂಸದಲ್ಲಿರುವ ಎರಡು ಅಕ್ಷರ ಆಲೆಫ್ ಮತ್ತು ಯೋದ್, 'ಎರೆಟ್ಸ್ ಇಸ್ರೇಲ್' (ಇಸ್ರೇಲ್ ನಾಡು) ಎಂಬುದರ ಸಂಕ್ಷೇಪ. ಯಹೂದಿಗಳಿಗೆ ಆ ಹೆಸರು ಪೂರ್ತಿಯಾಗಿ ಬೇಕಿತ್ತು, ಅರಬರಿಗೆ ಅದು ಇರುವುದೇ ಬೇಡವಾಗಿತ್ತು. ಬ್ರಿಟಿಷರು ಎರಡಕ್ಷರ ಹಾಕಿ ಇಬ್ಬರನ್ನೂ ಮುನಿಸಿಕೊಳ್ಳುವಂತೆ ಮಾಡಿದರು! ಅಂಚೆಚೀಟಿಯಲ್ಲಿದ್ದ ಇದೇ ಅಕ್ಷರಗಳ ವಿರುದ್ಧ ಅರಬರು 1925ರಲ್ಲಿ ಕೋರ್ಟಿಗೂ ಹೋಗಿ ಸೋತರು.

ನಮ್ಮ ಅಂದಿನ ಬೆಳ್ಳಿ ರೂಪಾಯಿಯಂತೆ ಇದರಲ್ಲಿ ರಾಜನ ತಲೆ ಯಾಕಿಲ್ಲ ಅಂದರೆ, ಪ್ಯಾಲೆಸ್ಟೈನ್ ವಸಾಹತು ಆಗಿರಲಿಲ್ಲ, ರಾಷ್ಟ್ರಸಂಘ (ವಿಶ್ವಸಂಸ್ಥೆಗೂ ಮೊದಲಿದ್ದ ಸಂಸ್ಥೆ) ಬ್ರಿಟನ್‌ಗೆ ಆಡಳಿತಕ್ಕೆ ವಹಿಸಿದ್ದ ಪ್ರದೇಶ. ಎಲ್ಲಾದರೂ 1947ರ ನಾಣ್ಯ ಅಗ್ಗಕ್ಕೆ ಕಂಡರೆ ಹುಷಾರು: ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಿಬಿಟ್ಟಿದ್ದಾರೆ.