ಅರಿಜೋನಾ ಮರುಭೂಮಿಯಲ್ಲಿ ಬೇಟೆಗೆ ಹೋಗುವ ಹೊಸಬರು ಏನು ತಿಳಿದಿರಬೇಕು?

ನಿಮ್ಮ ಪ್ರಶ್ನೆ ಓದಿದೆ. ಕೆಲಸಕ್ಕೆ ಅಂತ ಟೂಸಾನ್‌ಗೆ ಬಂದು ಸ್ವಲ್ಪ ದಿನವಾಗಿದೆ, ಆಫೀಸಿನ ಗೆಳೆಯರೊಬ್ಬರು ಅಕ್ಟೋಬರ್‌ನಲ್ಲಿ ಜಿಂಕೆ ಬೇಟೆಗೆ ಬಾ ಅಂತ ಕರೆಯುತ್ತಿದ್ದಾರೆ, ಈ ಕಲ್ಲು ಮುಳ್ಳಿನ ನೆಲದಲ್ಲಿ ಬೇಟೆಯಾಡಲು ಏನಿದೆ, ಹೊಸಬ ಏನು ತಿಳಿದುಕೊಂಡು ಹೋಗಬೇಕು ಅಂತ ಕೇಳಿದ್ದೀರಿ.

ಖಂಡಿತ ಹೋಗಿ. ಆದರೆ ನನ್ನ ಮಾತು ಕೇಳುವುದಾದರೆ ಮೊದಲ ವರ್ಷ ಕೋವಿ ಹಿಡಿದು ಹೋಗಬೇಡಿ. ಒಳ್ಳೆಯ ಬೈನಾಕ್ಯುಲರ್ ಹಿಡಿದು ಹೋಗಿ, ಗೆಳೆಯರ ಪಕ್ಕ ಕೂತು ನೋಡಿ, ಅವರು ಹೊಡೆದರೆ ಮಾಂಸ ಹೊರಲು ಹೆಗಲು ಕೊಡಿ. ಇಲ್ಲಿ ಬೇಟೆಯ ಮುಕ್ಕಾಲು ಪಾಲು ನೋಡುವುದರಲ್ಲೇ ಇದೆ. ನೋಡಲು ಬಾರದವರ ಕೈಗೆ ಎಂಥ ರೈಫಲ್ ಕೊಟ್ಟರೂ ಅದು ಹೊರೆ.

ನಾನು ಕೊಡಗಿನವನು. ನಮ್ಮ ಮನೆಯಲ್ಲಿ ಕೋವಿ ಇತ್ತು, ಕೈಲ್‌ಪೊಳ್ದ್ ಹಬ್ಬಕ್ಕೆ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಿದ್ದೆವು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನುವುದು ನಮ್ಮ ತಲೆಮಾರಿಗೆ ಹಿರಿಯರ ಬಾಯಲ್ಲಿ ಕೇಳಿದ ಕಥೆ, ಅಷ್ಟೇ. ಹಾಗಾಗಿ ನಾನು ಬೇಟೆ ಕಲಿತದ್ದು ಇಲ್ಲೇ, ಈ ಸೊನೋರನ್ ಮರುಭೂಮಿಯಲ್ಲಿ. ಕಲಿಸಿದವರು ತಲೆತಲಾಂತರದಿಂದ ದನ ಸಾಕಿಕೊಂಡು ಬಂದ ಮನೆತನದ ಹಿರಿಯರೊಬ್ಬರು. ಊರಿನ ಕಥೆಗಳಲ್ಲಿ ಕೇಳಿದ್ದ ಬೇಟೆಯೇ ಬೇರೆ: ಒಂದು ಕಡೆಯಿಂದ ಜನ, ನಾಯಿ ಸೇರಿ ಗದ್ದಲ ಮಾಡುತ್ತಾ ಕಾಡು ನುಗ್ಗುವುದು, ಇನ್ನೊಂದು ಕಡೆ ಕೋವಿಯವರು ಕಾಯುವುದು, ಇಲ್ಲವೇ ರಾತ್ರಿ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡುವುದು. ಅದ್ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಬರಬೇಡಿ. ಇಲ್ಲಿ ರಾತ್ರಿ ದೀಪ ಬಿಟ್ಟು ಜಿಂಕೆ ಹೊಡೆಯುವುದು ಅಪರಾಧ, ಬೆಳಕಿರುವಾಗ ಮಾತ್ರ ಬೇಟೆ.

ಮೊದಲು ಈ ಮರುಭೂಮಿ ಎಂಥದ್ದು ಅಂತ ಹೇಳುತ್ತೇನೆ. ಮರುಭೂಮಿ ಅಂದ ಕೂಡಲೇ ನಮಗೆ ರಾಜಸ್ಥಾನದ ಮರಳು ದಿಬ್ಬ ನೆನಪಾಗುತ್ತದೆ ಅಲ್ವಾ? ಇಲ್ಲಿ ಹಾಗಿಲ್ಲ. ಟೂಸಾನ್‌ನಲ್ಲಿ ವರ್ಷಕ್ಕೆ ಸುಮಾರು 280 ಮಿಲಿಮೀಟರ್ ಮಳೆ, ಮಡಿಕೇರಿಯಲ್ಲಿ ಜುಲೈ ತಿಂಗಳೊಂದರಲ್ಲೇ ಇದರ ಎರಡು ಪಟ್ಟಿಗಿಂತ ಜಾಸ್ತಿ ಸುರಿಯುತ್ತದೆ. ಆದರೆ ಇರುವ ಆ ಚೂರು ಮಳೆ ಎರಡು ಕಂತಿನಲ್ಲಿ ಬರುತ್ತದೆ. ಚಳಿಗಾಲದಲ್ಲಿ ಪೆಸಿಫಿಕ್ ಕಡೆಯಿಂದ ಜಿಟಿಜಿಟಿ ಮಳೆ, ಜುಲೈ ಹೊತ್ತಿಗೆ ಗುಡುಗು ಸಿಡಿಲಿನ ಮಾನ್ಸೂನ್. ಅದಕ್ಕೇ ಸವಾರೊ ಕಳ್ಳಿ, ಪಾಲೊ ವರ್ಡೆ, ಮೆಸ್ಕೀಟ್ ಎಲ್ಲ ಬೆಳೆಯುತ್ತವೆ. ಮೆಸ್ಕೀಟ್ ಅಂದರೆ ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಅದರ ಕಾಯಿಗೆ ಜಿಂಕೆಯೂ ಬರುತ್ತದೆ, ಹಂದಿಯ ಹಾಗೆ ಕಾಣುವ ಹಾವೆಲೀನಾ ಅನ್ನುವ ಪ್ರಾಣಿಯೂ ಬರುತ್ತದೆ.

ಇನ್ನೊಂದು ವಿಷಯ ಎತ್ತರ. ಟೂಸಾನ್ ಇರುವುದು ಸುಮಾರು 730 ಮೀಟರ್ ಎತ್ತರದಲ್ಲಿ, ದಕ್ಷಿಣಕ್ಕಿರುವ ಸಾಂಟಾ ರೀಟಾ ಬೆಟ್ಟಗಳಲ್ಲಿ ಮೌಂಟ್ ರೈಟ್‌ಸನ್ ತುದಿ 2,880 ಮೀಟರ್. ಕೆಳಗೆ ಕಳ್ಳಿ, ಮೇಲೆ ಹೋಗುತ್ತಾ ಹುಲ್ಲು, ಓಕ್ ಮರ, ತುದಿಯಲ್ಲಿ ಪೈನ್. ನಿಮ್ಮ ಗೆಳೆಯರು ಜಿಂಕೆ ಅಂದಿದ್ದರೆ ಎರಡರಲ್ಲಿ ಒಂದು. ಕೆಳಗಿನ ಬಯಲಿನಲ್ಲಿ ದೊಡ್ಡ ಕಿವಿಯ ಮ್ಯೂಲ್ ಡಿಯರ್, ಮೇಲಿನ ಓಕ್ ಗುಡ್ಡಗಳಲ್ಲಿ ಕೂಸ್ ಡಿಯರ್. ಈ ಕೂಸ್ ಜಿಂಕೆ ಬಿಳಿಬಾಲದ ಜಿಂಕೆಯ ಒಂದು ಚಿಕ್ಕ ಬಗೆ. ಗಂಡು 45 ಕೆಜಿ ದಾಟುವುದೇ ಅಪರೂಪ, ನಮ್ಮ ಚುಕ್ಕೆ ಜಿಂಕೆಗಿಂತ ಚಿಕ್ಕದು. ಮೈಬಣ್ಣ ಒಣಹುಲ್ಲು, ಬೂದಿ, ಕಲ್ಲು ಮೂರೂ ಸೇರಿದ ಹಾಗೆ. ಅದು ನಿಂತಲ್ಲೇ ಕರಗಿಹೋಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಬೇಟೆ ಇದೇ.

ಈಗ ನೋಡುವ ವಿಷಯ. ಇಲ್ಲಿನವರು ಇದಕ್ಕೆ ಗ್ಲಾಸಿಂಗ್ ಅನ್ನುತ್ತಾರೆ. ಕತ್ತಲಿರುವಾಗಲೇ ಗುಡ್ಡ ಹತ್ತಿ, ಬೆಳಕು ಹರಿಯುವ ಹೊತ್ತಿಗೆ ಸೂರ್ಯನಿಗೆ ಬೆನ್ನು ಹಾಕಿ ಕೂತಿರಬೇಕು, ಎದುರಿನ ಇಳಿಜಾರಿನ ಮೇಲೆ ಬಿಸಿಲು ಬೀಳುವ ಹಾಗೆ. ಬೈನಾಕ್ಯುಲರ್ ಅನ್ನು ಟ್ರೈಪಾಡ್ ಮೇಲೆ ಕೂರಿಸಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 10x42 ಸಾಕು (ಅಂದರೆ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿಲಿಮೀಟರ್ ಮಸೂರದ್ದು), ಬೇಟೆಯ ಹುಚ್ಚು ಹಿಡಿದ ಮೇಲೆ 15x56 ಕೊಳ್ಳುವಿರಂತೆ. ಕೈಯಲ್ಲಿ ಹಿಡಿದರೆ ಓಡುವ ಜಿಂಕೆ ಮಾತ್ರ ಕಾಣುತ್ತದೆ, ಟ್ರೈಪಾಡ್ ಮೇಲಿಟ್ಟರೆ ಮಲಗಿದ ಜಿಂಕೆ ಕಿವಿ ಅಲ್ಲಾಡಿಸುವುದೂ ಕಾಣುತ್ತದೆ. ಗುಡ್ಡವನ್ನು ಎಡದಿಂದ ಬಲಕ್ಕೆ ಒಂದು ಸಾಲು ನೋಡಿ, ಸ್ವಲ್ಪ ಕೆಳಗಿಳಿಸಿ ಬಲದಿಂದ ಎಡಕ್ಕೆ ಇನ್ನೊಂದು ಸಾಲು. ಇಡೀ ಜಿಂಕೆಯನ್ನು ಹುಡುಕಬೇಡಿ, ಅದು ಯಾವತ್ತೂ ಇಡಿಯಾಗಿ ಕಾಣುವುದಿಲ್ಲ. ಪೊದೆಗಳೆಲ್ಲ ನೆಟ್ಟಗಿರುವ ಕಡೆ ಒಂದು ಅಡ್ಡ ಗೆರೆ ಕಂಡರೆ ಅದು ಬೆನ್ನಿರಬಹುದು. ಹುಲ್ಲಿನಲ್ಲಿ ಒಂದು ಹೊಳೆಯುವ ಚುಕ್ಕೆ ಮೂಗಿರಬಹುದು.

ಬೆಳಿಗ್ಗೆ ಒಂಬತ್ತಕ್ಕೆ ಜಿಂಕೆಗಳು ಮೇಯುವುದು ನಿಲ್ಲಿಸಿ ಮಲಗುತ್ತವೆ. ಹೆಚ್ಚಿನವರು ಆಗ ಎದ್ದು ಕ್ಯಾಂಪಿಗೆ ಹೊರಡುತ್ತಾರೆ. ನೀವು ಏಳಬೇಡಿ. ನನಗೆ ಕಲಿಸಿದ ಹಿರಿಯರು ಒಂದು ಓಕ್ ಮರ ತೋರಿಸಿ ಅದರ ನೆರಳಿನ ಅಂಚನ್ನೇ ನೋಡುತ್ತಿರು ಅಂದಿದ್ದರು. ಎದುರು ಗುಡ್ಡ, ನಡುವೆ ಆಳವಾದ ಕಣಿವೆ, ಮರದ ಕೆಳಗೆ ಕಪ್ಪು ನೆರಳು ಬಿಟ್ಟರೆ ಏನೂ ಇಲ್ಲ. ಬಿಸಿಲು ಏರಿದ ಹಾಗೆ ನೆರಳು ನಿಧಾನವಾಗಿ ಸರಿಯಿತು. ಹನ್ನೊಂದು ದಾಟಿರಬೇಕು, ನೆರಳಿನ ಅಂಚು ಜಾರಿದ ಜಾಗದಲ್ಲಿ ಒಂದು ಕಲ್ಲಿನ ಮೇಲೆ ಬಿಸಿಲು ಬಿತ್ತು. ಆ ಕಲ್ಲು ಎದ್ದು ನಿಂತಿತು. ಮೈ ಮುರಿಯಿತು, ಒಂದು ಕಾಲು ಹಿಂದಕ್ಕೆ ಚಾಚಿತು, ಮೂರು ಹೆಜ್ಜೆ ನಡೆದು ಮತ್ತೆ ನೆರಳಿಗೆ ಹೋಗಿ ಮಲಗಿತು. ಒಳ್ಳೆಯ ಕೊಂಬಿನ ಗಂಡು. ಬೆಳಗಿನಿಂದ ನಾನು ಅದನ್ನೇ ನೋಡುತ್ತಿದ್ದೆ, ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ. ನೆರಳು ಸರಿಯುವಾಗ ಜಿಂಕೆ ಜಾಗ ಬದಲಿಸಲು ಏಳಲೇಬೇಕು, ಆ ಒಂದೆರಡು ನಿಮಿಷಕ್ಕೋಸ್ಕರ ಗಂಟೆಗಟ್ಟಲೆ ಕೂರುವುದು. ಇಷ್ಟು ತಾಳ್ಮೆ ನಿಮಗೆ ಹಿಡಿಸುತ್ತದೋ ಇಲ್ಲವೋ ಅನ್ನುವುದು ಕೋವಿ ಕೊಳ್ಳುವ ಮೊದಲೇ ಗೊತ್ತಾಗಲಿ ಅಂತಲೇ ನಾನು ಮೊದಲ ವರ್ಷ ಸುಮ್ನೆ ನೋಡಿ ಅನ್ನುವುದು.

ಕಂಡ ಮೇಲೆ ಹತ್ತಿರ ಹೋಗುವುದು ಗಾಳಿಯ ಲೆಕ್ಕ. ಬೆಳಿಗ್ಗೆ ತಣ್ಣಗಿರುವಾಗ ಗಾಳಿ ಗುಡ್ಡದಿಂದ ಕಣಿವೆಗೆ ಇಳಿಯುತ್ತದೆ, ಬಿಸಿಲು ಏರಿದ ಮೇಲೆ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಹಾಗಾಗಿ ಮಧ್ಯಾಹ್ನ ಜಿಂಕೆಗಿಂತ ಮೇಲಿನಿಂದ ಬಂದರೆ ನಿಮ್ಮ ವಾಸನೆ ಮೇಲಕ್ಕೆ ಹೋಗುತ್ತದೆ, ಅದಕ್ಕೆ ಸಿಗುವುದಿಲ್ಲ. ಸಂಜೆ ಇದೇ ದಾರಿ ಹಿಡಿದರೆ ಎಲ್ಲ ಕೆಡುತ್ತದೆ.

ನೀರಿನ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಬರಗಾಲದಲ್ಲಿ ಸುತ್ತಲಿನ ಪ್ರಾಣಿಗಳೆಲ್ಲ ದನಗಳಿಗೆ ಕಟ್ಟಿದ ಒಂದು ಮಣ್ಣಿನ ಕಟ್ಟೆಗೆ ಬರುತ್ತವೆ. ಅಲ್ಲಿ ಮರೆ ಕಟ್ಟಿ ಕೂತು ಹೊಡೆಯುವುದಕ್ಕೆ ಕಾನೂನಿನ ಅಡ್ಡಿ ಇಲ್ಲ, ಆದರೂ ನಾನು ಕೂರುವುದಿಲ್ಲ. ಬಾಯಾರಿ ಬಂದ ಪ್ರಾಣಿಗೆ ಬೇರೆ ದಾರಿಯೇ ಇರುವುದಿಲ್ಲ, ಅದರ ಮೇಲೆ ಈಡು ಹಾರಿಸಲು ನನ್ನ ಕೈ ಏಳುವುದಿಲ್ಲ. ಕ್ಯಾಂಪ್ ಹಾಕುವಾಗಲೂ ನೆನಪಿಡಿ, ನೀರಿನಿಂದ ಕಾಲು ಮೈಲಿ ಒಳಗೆ ಟೆಂಟ್ ಹೊಡೆದು ಪ್ರಾಣಿಗಳ ದಾರಿ ಮುಚ್ಚುವುದು ಅರಿಜೋನಾದಲ್ಲಿ ಅಪರಾಧ. 2022ರ ಜನವರಿಯಿಂದ ಬೇಟೆಗಾಗಿ ಟ್ರೇಲ್ ಕ್ಯಾಮೆರಾ, ಅಂದರೆ ಪ್ರಾಣಿ ಬಂದಾಗ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ, ಇಡುವುದನ್ನೂ ನಿಲ್ಲಿಸಿದರು. ಒಂದೊಂದು ನೀರಿನ ಸುತ್ತ ಕ್ಯಾಮೆರಾಗಳ ಸಾಲೇ ಇರುತ್ತಿತ್ತು, ಅವನ್ನು ನೋಡಲು ದಿನವೂ ಯಾರಾದರೂ ಗಾಡಿ ತಂದು ನಿಲ್ಲಿಸುತ್ತಿದ್ದರು, ಪ್ರಾಣಿಗಳು ನೀರಿಗೇ ಬರದ ಹಾಗಾಗಿತ್ತು. ಸರಿಯಾದ ನಿರ್ಧಾರ ಅಂತಲೇ ನನ್ನ ಅನಿಸಿಕೆ. ಇನ್ನೊಂದು ಮಾತು, ನೀವು ಕೊಡುವ ಲೈಸೆನ್ಸ್ ದುಡ್ಡು, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್ ಮತ್ತು ತೋಟಾಗಳ ಮೇಲೆ ಬೀಳುವ 11% ತೆರಿಗೆ, ಇವೆಲ್ಲ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತವೆ. ಬರದ ವರ್ಷ ಬೆಟ್ಟದ ತೊಟ್ಟಿಗಳಿಗೆ ಲಾರಿಯಲ್ಲಿ, ಹೆಲಿಕಾಪ್ಟರಿನಲ್ಲಿ ನೀರು ಹೊತ್ತು ಸುರಿಯುತ್ತಾರೆ.

ನಿಮ್ಮ ನೀರು ದಿನಕ್ಕೆ ತಲೆಗೆ 4 ಲೀಟರ್‌ಗಿಂತ ಕಡಿಮೆ ಬೇಡ, ಗಾಡಿಯಲ್ಲಿ ಇನ್ನೂ ಜಾಸ್ತಿ ಇರಲಿ. ಗಡಿ ಹತ್ತಿರದ ಗುಡ್ಡಗಳಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಖಾಲಿ ಕ್ಯಾನುಗಳು ಬಿದ್ದಿರುತ್ತವೆ, ಮೆಕ್ಸಿಕೊ ಕಡೆಯಿಂದ ನಡೆದು ಬಂದವರು ಬಿಟ್ಟು ಹೋದವು. ಈ ಬಿಸಿಲಲ್ಲಿ ನೀರಿಲ್ಲದೆ ಸತ್ತವರು ಬಹಳ ಜನ. ಆ ಕ್ಯಾನು ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮರಳು ಹಳ್ಳದಲ್ಲಿ ಟೆಂಟ್ ಹಾಕಬೇಡಿ, ಎಲ್ಲೋ ದೂರದ ಬೆಟ್ಟದಲ್ಲಿ ಬಿದ್ದ ಮಳೆ ನಿಮ್ಮ ಮೇಲೆ ಬರುತ್ತದೆ. ಅಕ್ಟೋಬರ್‌ನಲ್ಲಿ ರ್‍ಯಾಟಲ್‌ಸ್ನೇಕ್ ಇನ್ನೂ ಓಡಾಡುತ್ತಿರುತ್ತವೆ, ಕಾಣದ ಕಡೆ ಕೈ ಕಾಲು ಇಡಬೇಡಿ. ಜೇಬಿನಲ್ಲಿ ಒಂದು ಬಾಚಣಿಗೆ ಇರಲಿ. ಚೋಯಾ ಅನ್ನುವ ಕಳ್ಳಿಯ ಉಂಡೆ ಸ್ವಲ್ಪ ತಾಗಿದರೂ ಕಚ್ಚಿಕೊಳ್ಳುತ್ತದೆ, ಕೈಯಿಂದ ಕಿತ್ತರೆ ಆ ಕೈಗೂ ಅಂಟುತ್ತದೆ. ಬಾಚಣಿಗೆಯ ಹಲ್ಲನ್ನು ಉಂಡೆಗೂ ಚರ್ಮಕ್ಕೂ ನಡುವೆ ತೂರಿಸಿ ಜೋರಾಗಿ ಆಚೆ ಎಸೆಯಬೇಕು. ರಾತ್ರಿಗೆ ದಪ್ಪ ಜಾಕೆಟ್ ಬೇಕೇ ಬೇಕು. ಗಾಳಿಯಲ್ಲಿ ತೇವ ಇಲ್ಲದ್ದರಿಂದ ಸೂರ್ಯ ಮುಳುಗಿದ ಕೂಡಲೇ ನೆಲ ತಣ್ಣಗಾಗುತ್ತದೆ.

ನಿಮಗೆ ಹಕ್ಕಿ ಇಷ್ಟವಿದ್ದರೆ ಲಾವಕ್ಕಿ ಬೇಟೆಗೂ ಹೋಗಿ, ಮಳೆಯನ್ನು ಓದಲು ಕಲಿಸುವುದು ಅದೇ. ತಲೆಯ ಮೇಲೆ ಜುಟ್ಟಿರುವ ಗ್ಯಾಂಬೆಲ್ ಲಾವಕ್ಕಿ ಚಳಿಗಾಲದ ಮಳೆ ಚೆನ್ನಾಗಿದ್ದರೆ ಮಾತ್ರ ಆ ವರ್ಷ ಹೆಚ್ಚು ಮರಿ ಮಾಡುತ್ತದೆ. ಓಕ್ ಗುಡ್ಡಗಳಲ್ಲಿರುವ ಮರ್ನ್ಸ್ ಲಾವಕ್ಕಿ ಕಾಯುವುದು ಬೇಸಿಗೆಯ ಮಾನ್ಸೂನ್ ಅನ್ನು. ಅದು ಉದ್ದ ಉಗುರಿನಿಂದ ನೆಲ ಕೆದಕಿ ಸಣ್ಣ ಗೆಡ್ಡೆ ತಿನ್ನುತ್ತದೆ, ಆ ಚಿಕ್ಕ ಚಿಕ್ಕ ಗುಂಡಿ ಕಂಡರೆ ಹಕ್ಕಿ ಹತ್ತಿರದಲ್ಲೇ ಇದೆ ಅಂತ ಅರ್ಥ. ಒಂದೇ ಬೆಟ್ಟ, ಎರಡು ಹಕ್ಕಿ, ಎರಡು ಮಳೆ.

ಹೊಡೆದ ಮೇಲಿನ ಕೆಲಸವನ್ನು ನಿಮ್ಮ ಗೆಳೆಯರ ಪಕ್ಕದಲ್ಲೇ ನಿಂತು ಕಲಿಯಿರಿ. ಅಕ್ಟೋಬರ್ ಮಧ್ಯಾಹ್ನ 25-30 ಡಿಗ್ರಿ ಇರಬಹುದು, ಆ ಬಿಸಿಲಲ್ಲಿ ಮಾಂಸ ಕೆಡಲು ಜಾಸ್ತಿ ಹೊತ್ತು ಬೇಡ. ಬಿದ್ದ ಕೂಡಲೇ ಹಸಿಗೆ, ಅಂದರೆ ಸುಲಿದು ತುಂಡು ಮಾಡುವ ಕೆಲಸ, ಶುರು ಮಾಡಬೇಕು. ತೊಗಲು ಬೇಗ ಬಿಡಿಸಿ, ತುಂಡುಗಳನ್ನು ಗಾಳಿಯಾಡುವ ಬಟ್ಟೆ ಚೀಲಕ್ಕೆ ಹಾಕಿ, ನೆರಳಿನ ಕೊಂಬೆಗೆ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಶಾಖ ಒಳಗೇ ಉಳಿಯುತ್ತದೆ. ಗಾಡಿಯಲ್ಲಿ ಐಸ್ ತುಂಬಿದ ಪೆಟ್ಟಿಗೆ ಕಾಯುತ್ತಿರಲಿ. ಆಮೇಲೆ ಹೊತ್ತು ನಡೆಯುವುದು. ಕತ್ತಲಲ್ಲಿ, ಜಾರುವ ಕಲ್ಲಿನ ಮೇಲೆ, ಬೆನ್ನಿಗೆ ಭಾರ ಕಟ್ಟಿಕೊಂಡು ಒಂದು ಸಲ ಇಳಿದರೆ, ಎಷ್ಟು ದೂರದ ಪ್ರಾಣಿಯನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು ಅನ್ನುವುದು ತಾನಾಗಿಯೇ ತಲೆಗೆ ಹೋಗುತ್ತದೆ. ಈ ಪಾಠ ಕೋವಿ ಕೈಗೆ ಬರುವ ಮುಂಚೆಯೇ ಆಗಲಿ.

ಹಾವೆಲೀನಾ ಬಗ್ಗೆಯೂ ಹೇಳಿಬಿಡುತ್ತೇನೆ, ನಮ್ಮವರು ಅದನ್ನು ನೋಡಿದ ಕೂಡಲೇ ಪಂದಿಕರಿ (ನಮ್ಮ ಕೊಡಗಿನ ಹಂದಿ ಸಾರು) ಅನ್ನುತ್ತಾರೆ. ನೋಡಲು ಹಂದಿಯ ಹಾಗಿದ್ದರೂ ಅದು ಬೇರೆ ಕುಟುಂಬದ ಪ್ರಾಣಿ. ಬೆನ್ನಿನ ಹಿಂಭಾಗದಲ್ಲಿ ವಾಸನೆಯ ಗ್ರಂಥಿ ಇದೆ, ತೊಗಲು ಸುಲಿದರೆ ಅದರ ಜೊತೆಗೇ ಬರುತ್ತದೆ, ಆದರೆ ಕೂದಲು ಮುಟ್ಟಿದ ಕೈಯಲ್ಲಿ ಮಾಂಸ ಮುಟ್ಟಬಾರದು. ಮಾಂಸದಲ್ಲಿ ಕೊಬ್ಬೇ ಇಲ್ಲ. ಹಾಗಾಗಿ ಪಂದಿಕರಿಯ ರುಚಿ ಹಾಗೇ ಬರುವುದಿಲ್ಲ. ಅಂಗಡಿಯ ಹಂದಿಕೊಬ್ಬು ಸ್ವಲ್ಪ ಸೇರಿಸಿ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿ, ಕೊನೆಗೆ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಬಿಟ್ಟರೆ ಚೆನ್ನಾಗಿರುತ್ತದೆ. ಊರಿಂದ ಬರುವವರ ಹತ್ತಿರ ನಾನು ತರಿಸಿಕೊಳ್ಳುವುದು ಅದೊಂದನ್ನೇ.

ಕಾಗದಪತ್ರದ ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಎಚ್-1ಬಿ ಥರದ ವೀಸಾದಲ್ಲಿದ್ದರೆ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕೋವಿ, ತೋಟಾ ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. 'ಹಿಡ್ಕೊಳೋ ಸ್ವಲ್ಪ' ಅಂತ ಗೆಳೆಯರು ಕೋವಿ ಕೊಟ್ಟರೂ ಇದು ಅನ್ವಯಿಸುತ್ತದೆ. ಆದ್ದರಿಂದ ಲೈಸೆನ್ಸ್ ತೆಗೆದುಕೊಂಡೇ ಹೊರಡಿ, ಅನುಮಾನವಿದ್ದರೆ ವಕೀಲರನ್ನು ಕೇಳಿ. ರಾಜ್ಯದಲ್ಲಿ 6 ತಿಂಗಳು ನೆಲೆಸಿದ ಮೇಲೆ ಇಲ್ಲಿನವರ ದರದಲ್ಲಿ ಲೈಸೆನ್ಸ್ ಸಿಗುತ್ತದೆ. ಜಿಂಕೆಗೆ ಲೈಸೆನ್ಸ್ ಜೊತೆ ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯಲು ಕೊಡುವ ಅನುಮತಿ ಚೀಟಿ, ಬೇಕು, ಹಿಂಗಾರಿನ ರೈಫಲ್ ಬೇಟೆಯ ಟ್ಯಾಗ್ ಲಾಟರಿಯಲ್ಲಿ ಸಿಗುವುದು, ಅರ್ಜಿ ಹಾಕುವುದು ಜೂನ್ ಆರಂಭದೊಳಗೆ. ಹಂಟರ್ ಎಜುಕೇಶನ್ ಕೋರ್ಸ್ ದೊಡ್ಡವರಿಗೆ ಕಡ್ಡಾಯವಲ್ಲ, ಆದರೂ ಮಾಡಿ.

ಅಕ್ಟೋಬರ್‌ಗೆ ಮುಂಚೆ ಒಂದೆರಡು ಶನಿವಾರ ಬಿಡುವು ಮಾಡಿಕೊಂಡು ಟ್ರೈಪಾಡ್ ಹೊತ್ತು ಸಾಂಟಾ ರೀಟಾದ ಓಕ್ ಗುಡ್ಡಗಳಿಗೆ ಹೋಗಿ ಕೂತು ನೋಡಿ. ಯಾವ ದಾರಿ ಹಿಡಿಯಬೇಕು, ಎಲ್ಲಿ ಕೂತರೆ ಬಿಸಿಲು ಬೆನ್ನಿಗೆ ಬೀಳುತ್ತದೆ ಅಂತ ಬೇಕಿದ್ದರೆ ಇಲ್ಲೇ ಕೇಳಿ, ವಿವರವಾಗಿ ಬರೆಯುತ್ತೇನೆ.